ಡಿಸ್ಟಾರ್ಶನ್ ತಂದೆ, ಬೇಕಿದ್ದದ್ದು ಟ್ಯೂನರ್

ಗಿಟಾರ್ ಹಿಡಿದು ಎಂಟು ತಿಂಗಳಾಗಿತ್ತು. ಒಂದೇ ಬೆರಳಲ್ಲಿ ತಂತಿಗಳನ್ನೆಲ್ಲ ಒತ್ತುವ ಎಫ್ ಬಾರ್ ಕಾರ್ಡ್ ಇನ್ನೂ ಕೂರುತ್ತಿರಲಿಲ್ಲ, ಆಗಲೇ ಪೆಡಲ್, ಅಂದರೆ ಕಾಲಲ್ಲಿ ತುಳಿದು ಗಿಟಾರಿನ ಸದ್ದು ಬದಲಿಸುವ ಡಬ್ಬಿ, ಬೇಕೆಂಬ ಹಟ. ಬಾಸ್ ಕಂಪನಿಯ ಡಿಎಸ್-1 ತಂದೆ, ಸದ್ದನ್ನು ಒಡೆದು ಒರಟಾಗಿಸುವ ಡಿಸ್ಟಾರ್ಶನ್ ಪೆಡಲ್. 1978ರಿಂದ ಬರುತ್ತಿರುವ ಕಿತ್ತಳೆ ಬಣ್ಣದ ಡಬ್ಬಿ. ಡಿಸ್ಟಾರ್ಶನ್ ಏರಿಸುವ ಡಿಸ್ಟ್ ನಾಬ್ ಪೂರ್ತಿ ತಿರುಗಿಸಿ ಮನೆಯಲ್ಲಿ ನುಡಿಸಿದೆ. ಅಬ್ಬಾ, ಎಷ್ಟು ದಪ್ಪ ಸದ್ದು!

ಆ ಖುಷಿ ಇಳಿದದ್ದು ಬೆಂಗಳೂರಿನ ಒಂದು ಜಾಮ್ ರೂಮಿನಲ್ಲಿ, ಬ್ಯಾಂಡ್ ಸೇರಿ ನುಡಿಸುವ ಕೋಣೆಯಲ್ಲಿ. ಡ್ರಮ್ಸ್, ಬೇಸ್ ಶುರುವಾಗಿದ್ದೇ ತಡ, ನನ್ನ ಗಿಟಾರ್ ಕಾಣೆ. ವಾಲ್ಯೂಮ್ ಏರಿಸಿದೆ. ಗದ್ದಲ ಜಾಸ್ತಿಯಾಯಿತು, ಸ್ವರ ಮಾತ್ರ ಕೇಳಲಿಲ್ಲ. ಗೇನ್ (ಡಿಸ್ಟ್ ನಾಬ್ ಏರಿಸುವುದು ಇದನ್ನೇ) ಹೆಚ್ಚಿದಷ್ಟೂ ಸಿಗ್ನಲ್ ಚಪ್ಪಟೆಯಾಗುತ್ತದೆ, ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಒಂದೇ. ಇನ್ನೊಂದು ವಿಷಯ, ಈ ಪೆಡಲಿನ ಟೋನ್ ನಾಬ್ ನಡುವಿನಲ್ಲಿದ್ದರೆ ಮಿಡ್, ಅಂದರೆ ಸದ್ದಿನ ನಡುಭಾಗ, ತಗ್ಗುತ್ತದೆ. ಕೆಳಸ್ವರದ ಜಾಗ ಬೇಸ್‌ನದು, ಮೇಲಿನದು ಸಿಂಬಲ್‌ನದು. ಗಿಟಾರಿಗೆ ಉಳಿಯುವುದೇ ಮಿಡ್. ಅದನ್ನೇ ನಾನು ಬಿಟ್ಟುಕೊಟ್ಟಿದ್ದೆ.

ಗೆಳೆಯನೊಬ್ಬ ತನ್ನ ಟ್ಯೂಬ್ ಸ್ಕ್ರೀಮರ್ ಪೆಡಲನ್ನು ಎರಡು ವಾರಕ್ಕೆ ಕೊಟ್ಟ. ಇದು ಓವರ್‌ಡ್ರೈವ್, ಡಿಸ್ಟಾರ್ಶನ್‌ಗಿಂತ ಮೆದುವಾಗಿ ಸದ್ದು ಒಡೆಯುವಂಥದ್ದು. ಒಂಟಿಯಾಗಿ ನುಡಿಸಿದಾಗ ಮೂಗಿನಲ್ಲಿ ಹಾಡಿದ ಹಾಗೆ ಅನಿಸಿತು, ಇಷ್ಟವಾಗಲಿಲ್ಲ. ಆದರೆ ಬ್ಯಾಂಡಿನ ಜೊತೆ ಆ ಮೂಗುದನಿಯೇ ಗಿಟಾರನ್ನು ಮುಂದೆ ತಂದು ನಿಲ್ಲಿಸಿತು. ಡ್ರೈವ್ ನಾಬ್ ಕಡಿಮೆ, ಲೆವೆಲ್ ನಾಬ್ ಜಾಸ್ತಿ, ಆಂಪ್ (ಆಂಪ್ಲಿಫೈಯರ್) ತಾನೇ ಸ್ವಲ್ಪ ಕೆರಳುವಷ್ಟು. ಮನೆಯಲ್ಲಿ ಚೆನ್ನಾಗಿ ಕೇಳುವುದಕ್ಕೂ ಗುಂಪಿನಲ್ಲಿ ಚೆನ್ನಾಗಿ ಕೇಳುವುದಕ್ಕೂ ಸಂಬಂಧವೇ ಇಲ್ಲ ಅಂತ ಅವತ್ತು ಗೊತ್ತಾಯಿತು. ಪೆಡಲನ್ನು ಅಂಗಡಿಯಲ್ಲಿ ಐದು ನಿಮಿಷ ನುಡಿಸಿ ಕೊಳ್ಳುವುದನ್ನು ಅಲ್ಲಿಗೇ ಬಿಟ್ಟೆ. ಎರವಲು ತಂದಾದರೂ ಒಮ್ಮೆ ಜಾಮ್‌ಗೆ ಒಯ್ಯುತ್ತೇನೆ.

ನಿಜವಾಗಿ ದುಡ್ಡು ಹಾಕಿ ಕೊಂಡ ಎರಡನೆಯ ಪೆಡಲ್ ಟ್ಯೂನರ್. ನೋಡಲು ಸಪ್ಪೆ, ಅಲ್ವಾ? ಆದರೆ ತುಳಿದರೆ ಸದ್ದು ನಿಲ್ಲುತ್ತದೆ, ಹಾಡುಗಳ ನಡುವೆ ಯಾರಿಗೂ ಕೇಳದಂತೆ ಶ್ರುತಿ ಮಾಡಿಕೊಳ್ಳಬಹುದು. ಶ್ರುತಿ ತಪ್ಪಿದ ಗಿಟಾರಿಗೆ ಯಾವ ಡಿಸ್ಟಾರ್ಶನ್ ಹಾಕಿದರೂ ಇನ್ನಷ್ಟು ಕರ್ಕಶವೇ.

ಈಗ ಹೊಟ್ಟೆ ಉರಿಯುವ ಕತೆ. ಸೆಕೆಂಡ್ ಹ್ಯಾಂಡ್ ಡಿಲೇ, ಅಂದರೆ ಪ್ರತಿಧ್ವನಿ ಕೊಡುವ ಪೆಡಲ್, ಒಂದು ಸಿಕ್ಕಿತ್ತು. ಮನೆಯಲ್ಲಿದ್ದ ರೌಟರಿನ ಅಡಾಪ್ಟರ್ 9 ವೋಲ್ಟ್, ಪಿನ್ನೂ ಸರಿಯಾಗಿ ಕೂತಿತು, ಚುಚ್ಚಿಬಿಟ್ಟೆ. ಹೆಚ್ಚಿನ ಪೆಡಲ್‌ಗಳಿಗೆ ಪಿನ್ನಿನ ನಡುವೆ ನೆಗೆಟಿವ್ ಬೇಕು, ಅದರಲ್ಲಿ ಪಾಸಿಟಿವ್ ಇತ್ತು. ಸುಟ್ಟ ವಾಸನೆ ಬಂತು, ಡಿಲೇ ಹೋಯಿತು. ಅಡಾಪ್ಟರಿನ ಮೇಲೆ ವೃತ್ತ, ಪ್ಲಸ್, ಮೈನಸ್ ಇರುವ ಒಂದು ಪುಟ್ಟ ಚಿತ್ರ ಇರುತ್ತದೆ. ಅದನ್ನು ನೋಡದೆ ಈಗ ಏನನ್ನೂ ಚುಚ್ಚುವುದಿಲ್ಲ. ಬ್ಯಾಟರಿಯದು ಇನ್ನೊಂದು ಪಾಠ: ಇನ್‌ಪುಟ್ ಜಾಕಿನಲ್ಲಿ ಕೇಬಲ್ ಇದ್ದರೆ ಸಾಕು, ಪೆಡಲ್ ಆಫ್ ಆಗಿದ್ದರೂ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ರಾತ್ರಿ ಕೇಬಲ್ ಕಿತ್ತಿಡಬೇಕು.

ಆಮೇಲೆ ಬೇರೆ ಡಿಲೇ ಕೊಂಡೆ. ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟ್‌ಗೆ 500 ಮಿಲಿಸೆಕೆಂಡ್. ಡಿಲೇಯನ್ನು ಮುಕ್ಕಾಲು ಬೀಟ್‌ಗೆ, ಅಂದರೆ 375ಕ್ಕೆ ಇಟ್ಟರೆ ಒಂದೊಂದೇ ಸ್ವರ ಮೀಟಿದರೂ ಇಬ್ಬರು ನುಡಿಸಿದಂತೆ ಕೇಳುತ್ತದೆ. ಇದನ್ನು ಡ್ರೈವ್ ಪೆಡಲ್ ಆದ ಮೇಲೆ ಇಡುತ್ತೇನೆ, ಮೊದಲಿಟ್ಟರೆ ಪ್ರತಿಧ್ವನಿಗಳೂ ಒಡೆದು ಕಲಸುಮೇಲೋಗರ. ವಾ, ಫ್ಲ್ಯಾಂಜರ್ ಎಂಬ ಬೇರೆ ಪೆಡಲ್‌ಗಳನ್ನು ಇನ್ನೂ ಕೊಂಡಿಲ್ಲ, ಆಸೆಯೂ ಇಲ್ಲ.

ಡಿಎಸ್-1 ಮಾರಿಲ್ಲ. ಡಿಸ್ಟ್ ನಾಬ್ ಈಗ ಗಡಿಯಾರದ ಒಂಬತ್ತು ಗಂಟೆಯ ಕಡೆ, ಅಂದರೆ ತೀರಾ ಕಡಿಮೆಯಲ್ಲಿ ಇದೆ. ಎಫ್ ಕಾರ್ಡೂ ಈಗ ಕೂರುತ್ತದೆ, ಹೆಚ್ಚು ಕಡಿಮೆ.