ರೊಮೇನಿಯಾದ ವಸಂತದಲ್ಲಿ ಹಕ್ಕಿ ಮತ್ತು ಕರಡಿ: ಗೈಡ್ ಜೊತೆಗಿನ ಪ್ರವಾಸಕ್ಕೆ ಸಿದ್ಧತೆ ಹೇಗೆ

ಒಂದೇ ಪ್ರವಾಸದಲ್ಲಿ ಹಿಂಡುಹಿಂಡು ಹೆಜ್ಜಾರ್ಲೆಗಳನ್ನೂ ಕಾಡಿನ ಕಂದು ಕರಡಿಯನ್ನೂ ನೋಡಬೇಕೆನ್ನುವವರಿಗೆ ಯುರೋಪಿನಲ್ಲಿ ರೊಮೇನಿಯಾಕ್ಕಿಂತ ಒಳ್ಳೆಯ ದೇಶವಿಲ್ಲ. ಪೂರ್ವದ ಅಂಚಿನಲ್ಲಿ ಡ್ಯಾನ್ಯೂಬ್ ನದಿ ಮೂರು ಕವಲಾಗಿ ಕಪ್ಪು ಸಮುದ್ರ ಸೇರುತ್ತದೆ. ಆ ಡೆಲ್ಟಾ 1991ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಯುರೋಪಿನ ಬಿಳಿ ಹೆಜ್ಜಾರ್ಲೆಗಳ ಅತಿ ದೊಡ್ಡ ಸಂತಾನ ನೆಲೆ ಇರುವುದು ಅಲ್ಲಿಯೇ. ದೇಶದ ನಡುವೆ ಕಾರ್ಪೇಥಿಯನ್ ಬೆಟ್ಟಸಾಲು. ಐರೋಪ್ಯ ಒಕ್ಕೂಟದ ಬೇರೆ ಯಾವ ದೇಶದಲ್ಲೂ ಇಷ್ಟು ಕಂದು ಕರಡಿಗಳಿಲ್ಲ. ಎರಡರ ನಡುವೆ ಒಂದು ಹಗಲಿನ ರಸ್ತೆ ದಾರಿ, ಅಷ್ಟೆ.

ತಾರೀಖು ಮೊದಲು, ಟಿಕೆಟ್ ಆಮೇಲೆ

ಹೆಜ್ಜಾರ್ಲೆಗಳು ಮಾರ್ಚ್‌ನಲ್ಲೇ ಬಂದಿರುತ್ತವೆ. ಆದರೆ ನೀಲಕಂಠ, ಕಳ್ಳಿಪೀರ, ಹೊನ್ನಕ್ಕಿ, ಕೆಂಪುಗಾಲಿನ ಚಾಣ ಬರುವುದು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದೊಳಗೆ. ಬೆಟ್ಟದ ಕಡೆ ಲೆಕ್ಕ ತಿರುಗುಮುರುಗು. ಮರಕುಟಿಗಗಳು ಮರ ಬಡಿದು ಜೋರಾಗಿ ಸದ್ದು ಮಾಡುವುದು ಮಾರ್ಚ್, ಏಪ್ರಿಲ್‌ನಲ್ಲಿ. ಮೇ ಬಂತೆಂದರೆ ಬೀಚ್ ಮರಗಳು ಎಲೆ ಬಿಟ್ಟು ಹಕ್ಕಿ ಕಣ್ಣಿಗೆ ಸಿಗುವುದಿಲ್ಲ, ಕಿವಿಗೆ ಮಾತ್ರ ಸಿಗುತ್ತದೆ. ಗುಹೆ ಬಿಟ್ಟು ಹೊರಬಂದ ಕರಡಿಗಳು ಏಪ್ರಿಲ್‌ನಿಂದಲೇ ಓಡಾಡುತ್ತಿರುತ್ತವೆ. ಆ ವರ್ಷದ ಮರಿಗಳು ತಾಯಿಯ ಹಿಂದೆ ಹೊರಬರುವುದೂ ಇದೇ ಹೊತ್ತಿಗೆ. ಎಲ್ಲವನ್ನೂ ತೂಗಿ ನೋಡಿದರೆ ಮೇ 5ರಿಂದ 20ರ ನಡುವಿನ ದಿನಗಳೇ ಸರಿ. ಮೇ ಕೊನೆಗೆ ಡೆಲ್ಟಾದಲ್ಲಿ ಸೊಳ್ಳೆ ಜಾಸ್ತಿಯಾಗುತ್ತದೆ.

ರಜೆಗಳನ್ನೂ ನೋಡಿಕೊಳ್ಳಿ. ಮೇ 1 ಅಲ್ಲಿ ಸಾರ್ವಜನಿಕ ರಜೆ. ಆರ್ಥೊಡಾಕ್ಸ್ ಈಸ್ಟರ್ 2027ರಲ್ಲಿ ಮೇ 2ಕ್ಕೆ ಬೀಳುತ್ತದೆ. ಆ ವಾರ ಡೆಲ್ಟಾದ ತುಂಬ ಮೋಟಾರ್ ದೋಣಿಗಳ ಗದ್ದಲ.

ಹಣ ಕಟ್ಟುವ ಮೊದಲು ಏಜೆನ್ಸಿಯವರಿಗೆ ಈ ಪ್ರಶ್ನೆಗಳನ್ನು ಹಾಕಿ. ಒಬ್ಬ ಗೈಡ್‌ಗೆ ಎಷ್ಟು ಜನ? ಎಂಟಕ್ಕಿಂತ ಹೆಚ್ಚಾದರೆ ಕಾಡಿನ ದಾರಿಯಲ್ಲಿ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಡೆಲ್ಟಾದಲ್ಲಿ ಸಣ್ಣ ದೋಣಿಯೋ, ನೂರು ಜನರ ಹಡಗೋ? ಹಡಗು ದೊಡ್ಡ ಕಾಲುವೆ ಬಿಟ್ಟು ಒಳಗೆ ಹೋಗದು. ಕರಡಿಗೆ ಎಷ್ಟು ಸಂಜೆ ಇಟ್ಟಿದ್ದಾರೆ? ಒಂದೇ ಎಂದರೆ ಇನ್ನೊಂದು ಸೇರಿಸಲು ಒತ್ತಾಯಿಸಿ. ಮಳೆ ಬಂದು, ಗಾಳಿ ತಿರುಗಿ ಒಂದು ಸಂಜೆ ಹಾಳಾಗುವುದು ಮಾಮೂಲು. ಒಟ್ಟು ಎಂಟು ರಾತ್ರಿ ಸಿಕ್ಕರೆ ನಾಲ್ಕು ಡೆಲ್ಟಾಕ್ಕೆ, ಮೂರು ಬೆಟ್ಟಕ್ಕೆ, ಒಂದು ರಾಜಧಾನಿ ಬುಕಾರೆಸ್ಟಿಗೆ ಹಂಚಿಕೊಳ್ಳಿ. ಡ್ರಾಕುಲಾ ಕೋಟೆಗೆಂದು ಬೆಟ್ಟದ ದಿನ ಕಡಿಮೆ ಮಾಡುವ ಪ್ಯಾಕೇಜು ಬೇಡ.

ವೀಸಾ, ವಿಮಾನ, ಹಣ

ರೊಮೇನಿಯಾದ ಗಡಿ 2024ರ ಮಾರ್ಚ್ 31ರಿಂದ ವಿಮಾನ ಮತ್ತು ಸಮುದ್ರ ಮಾರ್ಗಕ್ಕೆ, 2025ರ ಜನವರಿ 1ರಿಂದ ರಸ್ತೆ ಮಾರ್ಗಕ್ಕೂ ಶೆಂಗನ್ ವ್ಯವಸ್ಥೆಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಐರೋಪ್ಯ ದೇಶಗಳ ಗುಂಪಿಗೆ, ಸೇರಿದೆ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಬೇಕಾದದ್ದು ಶೆಂಗನ್ ವೀಸಾ. ಶುಲ್ಕ ವಯಸ್ಕರಿಗೆ 90 ಯೂರೋ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮುಂಚೆ ಹಾಕಿರಬೇಕು. ಕಡೇ ದಿನದವರೆಗೆ ಕಾಯಬೇಡಿ, ಬೇಸಿಗೆ ರಜೆಯ ನೂಕುನುಗ್ಗಲು ಏಪ್ರಿಲ್‌ನಲ್ಲೇ ಶುರು. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಬೆಂಗಳೂರಿನಿಂದ ಬುಕಾರೆಸ್ಟಿಗೆ ನೇರ ವಿಮಾನವಿಲ್ಲ, ದೋಹಾ, ದುಬೈ ಅಥವಾ ಫ್ರಾಂಕ್‌ಫರ್ಟ್ ಮೂಲಕ ಹೋಗಬೇಕು. ಗುಂಪು ಹೊರಡುವ ಹಿಂದಿನ ದಿನವೇ ಇಳಿಯಿರಿ. ವಿಮಾನ ನಿಲ್ದಾಣದಿಂದ ಡೆಲ್ಟಾದ ಬಾಗಿಲಾದ ತುಲ್ಚಾ ಪಟ್ಟಣಕ್ಕೆ ಸುಮಾರು 280 ಕಿ.ಮೀ., ನಾಲ್ಕು ಗಂಟೆ ಬೇಕು. ಲಗೇಜು ತಪ್ಪಿಹೋಗಿ, ದೋಣಿ ಹೊರಟ ಮೇಲೆ ಅದು ಬಂದರೆ ತಲುಪಿಸುವುದು ಬಹಳ ಕಷ್ಟ. ದುರ್ಬೀನು, ಮಾತ್ರೆ, ಬೆಚ್ಚನೆ ಜಾಕೆಟ್ ಕೈಚೀಲದಲ್ಲೇ ಇರಲಿ. ನಾಣ್ಯ ಲೆಯು. ಡೆಲ್ಟಾದೊಳಗೆ ಎಟಿಎಂ ನಂಬಿ ಹೋಗಬೇಡಿ, ತುಲ್ಚಾದಲ್ಲೇ ನಗದು ತೆಗೆದುಕೊಳ್ಳಿ. ನಮ್ಮ ಮೂರು ಕಾಲಿನ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ, ಎರಡು ದುಂಡು ಪಿನ್ನಿನದು ಬೇಕು. ದುರ್ಬೀನು 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಇದ್ದರೆ ಸಾಕು. ತೂಗಾಡುವ ದೋಣಿಯಲ್ಲಿ 10x ಹಿಡಿದು ನೋಡುವುದು ಕಷ್ಟ, ಮಬ್ಬಿನಲ್ಲಿ 8x42 ಹೆಚ್ಚು ಬೆಳಕು ಕೊಡುತ್ತದೆ.

ನೀರಿನ ಮೇಲೆ

ಡೆಲ್ಟಾ ನೋಡಲು ತೇಲುವ ಹೋಟೆಲ್ ಒಳ್ಳೆಯ ಉಪಾಯ. ಅದಕ್ಕೆ ಸ್ವಂತ ಎಂಜಿನ್ ಇರುವುದಿಲ್ಲ, ಟಗ್ ದೋಣಿಯೊಂದು ಎಳೆಯುತ್ತದೆ. ನೀವು ಮಧ್ಯಾಹ್ನ ಉಣ್ಣುತ್ತಿರುವಾಗ ಅದು ಮುಂದಿನ ಕಾಲುವೆಗೆ ಸಾಗುತ್ತಿರುತ್ತದೆ. ಬೆಳಿಗ್ಗೆ, ಸಂಜೆ ಜೊತೆಗಿರುವ ಸಣ್ಣ ದೋಣಿ ಹತ್ತಿ ಜೊಂಡಿನ ಒಳಗೆ ಹೋಗುವುದು.

ಮೇ ನಡುವಿನಲ್ಲಿ ಬೆಳಿಗ್ಗೆ ಐದೂವರೆಗೆಲ್ಲ ಬೆಳಕಾಗಿರುತ್ತದೆ. ತಿಂಡಿಗೆ ಮೊದಲು ಒಂದು ಸುತ್ತು ಹೋಗದಿದ್ದರೆ ಡೆಲ್ಟಾಕ್ಕೆ ಹೋಗಿಯೂ ಅರ್ಧ ನೋಡಿದಂತೆ. ಆ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸಿ ಐದು ನಿಮಿಷ ಕೂರಲು ದೋಣಿಯವರನ್ನು ಕೇಳಿ. ಜೊಂಡಿನ ಹಾಡುಹಕ್ಕಿಗಳು ಮೊದಲು ಸಿಗುವುದು ಕಿವಿಗೆ. ನೀರ ಮೇಲೆ ಬಾಗಿದ ವಿಲೋ ಕೊಂಬೆಗಳ ತುದಿಯನ್ನು ನಿಧಾನವಾಗಿ ನೋಡುತ್ತಾ ಹೋಗಿ. ಪೆಂಡ್ಯುಲೈನ್ ಟಿಟ್ ಎಂಬ ಪುಟ್ಟ ಹಕ್ಕಿಯ ಗೂಡು ಅಲ್ಲಿ ನೇತಾಡುತ್ತಿರುತ್ತದೆ. ನಮ್ಮ ಗೀಜಗ ಹುಲ್ಲಿನ ಸೀಳಿನಲ್ಲಿ ಹೆಣೆದರೆ ಇದು ವಿಲೋ ಹತ್ತಿ, ಜೊಂಡಿನ ತೆನೆಯ ನಾರು ಸೇರಿಸಿ ಕಂಬಳಿಯಂತೆ ಒತ್ತಾಗಿ ಮಾಡುತ್ತದೆ. ಮೇಲ್ಭಾಗದ ಪಕ್ಕದಲ್ಲಿ ಕೊಳವೆಯಂಥ ಬಾಯಿ. ಗಂಡು ಒಳಗೆ ಹೊರಗೆ ಮಾಡುತ್ತಾ ನಾರು ತುರುಕುವುದನ್ನು ಹತ್ತು ಮೀಟರ್ ದೂರದಿಂದ ನೋಡಬಹುದು. ಇನ್ನೂ ಹತ್ತಿರ ಹೋಗುವುದು ಬೇಡ.

ಹೆಜ್ಜಾರ್ಲೆಗಳು ಗಗನಕ್ಕೇರಲು ಬಿಸಿಗಾಳಿ ಬೇಕು. ನೆಲ ಕಾಯುವ ಒಂಬತ್ತು, ಹತ್ತು ಗಂಟೆಯ ಹೊತ್ತಿಗೆ ಸುರುಳಿಯಾಗಿ ಮೇಲೇರುತ್ತವೆ. ಎರಡು ಜಾತಿಗಳಿವೆ. ಕೊಕ್ಕರೆ ಬೆಳ್ಳೂರಿನಲ್ಲಿ ಚುಕ್ಕೆಕೊಕ್ಕಿನ ಹೆಜ್ಜಾರ್ಲೆ ನೋಡಿ ಅಭ್ಯಾಸವಾದ ಕಣ್ಣಿಗೆ ಇಲ್ಲಿ ಡಾಲ್ಮೇಷಿಯನ್ ಹೆಜ್ಜಾರ್ಲೆಯೇ ಪರಿಚಿತವೆನಿಸುತ್ತದೆ: ಬೂದು ಮೈ, ಕತ್ತಿನ ಹಿಂದೆ ಕೆದರಿದ ಗುಂಗುರು ಗರಿ, ಬೂದುಗಾಲು, ವಸಂತದಲ್ಲಿ ಕಿತ್ತಳೆಗೆಂಪಿನ ಗಂಟಲ ಚೀಲ. ಬಿಳಿ ಹೆಜ್ಜಾರ್ಲೆ ಹಾರುವಾಗ ರೆಕ್ಕೆಯ ಕೆಳಗಿನ ಹಿಂಬದಿ ಕಪ್ಪು ಪಟ್ಟಿಯಾಗಿ ಎದ್ದು ಕಾಣುತ್ತದೆ. ಗುಂಪು ತಲೆ ಮೇಲಿದ್ದಾಗ ಆ ಕಪ್ಪು ಪಟ್ಟಿಯನ್ನೇ ನೋಡಿ, ತಪ್ಪುವುದಿಲ್ಲ. ಗೂಡುಗಳಿರುವ ರೋಷ್ಕಾ-ಬುಹಾಯೋವಾ ಪ್ರದೇಶಕ್ಕೆ ಪ್ರವೇಶವಿಲ್ಲ. ಹೇಗಾದರೂ ಕರೆದೊಯ್ಯಿ ಎಂದು ದೋಣಿಯವನಿಗೆ ದುಂಬಾಲು ಬೀಳಬೇಡಿ. ದೊಡ್ಡವು ಹೆದರಿ ಎದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೂ ಬೇಟೆಹಕ್ಕಿಗೂ ಬಯಲಾಗುತ್ತವೆ. ಬೇಕಾದಷ್ಟು ಹೆಜ್ಜಾರ್ಲೆಗಳು ಮೀನು ಹಿಡಿಯುವ ಕೆರೆಗಳಲ್ಲೇ ಸಿಗುತ್ತವೆ.

ಉಳಿದಂತೆ ನಮ್ಮ ಕೊಳದ ಬಕದ ಅಣ್ಣತಮ್ಮನಂತಿರುವ ಸ್ಕ್ವಾಕೊ ಬಕ, ಕುಳ್ಳ ನೀರುಕಾಗೆ, ಹೊಳೆಯುವ ಕೆಂಬರಲು, ಮೀಸೆ ರೀವ, ಬಿಳಿಬಾಲದ ದೊಡ್ಡ ಹದ್ದು ಹೆಚ್ಚು ಹುಡುಕದೆ ಕಾಣುತ್ತವೆ. ಕೆಂಪುಗಾಲಿನ ಚಾಣಕ್ಕೆ ರೂಕ್ ಕಾಗೆಗಳ ಗೂಡಿನ ಮರಗಳನ್ನು ನೋಡಿ. ಅದು ಸ್ವಂತ ಗೂಡು ಕಟ್ಟದೆ ಅವುಗಳ ಹಳೆ ಗೂಡಿನಲ್ಲೇ ಮೊಟ್ಟೆ ಇಡುತ್ತದೆ.

ಊಟ, ಉಣ್ಣೆಹುಳ

ಡೆಲ್ಟಾದಲ್ಲಿ ಮೂರು ಹೊತ್ತೂ ಮೀನು. ಸಸ್ಯಾಹಾರಿಗಳು "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಮೀನಿನ ಸಾರಿನಲ್ಲಿ ಬೇಯಿಸಿದ ತರಕಾರಿ ಬರಬಹುದು. "ದೆ ಪೋಸ್ಟ್" ಎಂಬ ಮಾತು ಕಲಿತಿರಿ, ಅಂದರೆ ಆರ್ಥೊಡಾಕ್ಸ್ ಉಪವಾಸದ ಅಡುಗೆ: ಮಾಂಸ, ಮೊಟ್ಟೆ, ಹಾಲು ಇಲ್ಲದ್ದು. ಕೆಲವು ಉಪವಾಸದ ದಿನ ಮೀನಿಗೆ ವಿನಾಯಿತಿ ಇರುವುದರಿಂದ ಜೊತೆಗೆ "ಫರ ಪೆಷ್ಟೆ", ಮೀನಿಲ್ಲದೆ, ಎಂದೂ ಸೇರಿಸಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಮಲಿಗ, ಸುಟ್ಟ ಬದನೆ ಮತ್ತು ಕೆಂಪು ದಪ್ಪಮೆಣಸಿನಕಾಯಿಯ ಜಕುಸ್ಕ, ಅರೆದ ಹುರುಳಿಕಾಯಿ ಬೀಜದ ಗೊಜ್ಜು ಎಲ್ಲ ಕಡೆ ಸಿಗುತ್ತವೆ. ಉಪ್ಪಿನಕಾಯಿ ಒಯ್ಯುವವರು ಬಾಟಲಿಯನ್ನು ಲಗೇಜಿಗೆ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ.

ಬೆಟ್ಟದ ಹುಲ್ಲಿನಲ್ಲಿ ಉಣ್ಣೆಹುಳ ಇರುತ್ತದೆ. ಮಲೆನಾಡಿನವರಿಗೆ ಇದರ ಗಂಭೀರತೆ ಹೇಳಬೇಕಿಲ್ಲ: ಯುರೋಪಿನ ಉಣ್ಣೆ ಹರಡುವ ಮಿದುಳುಜ್ವರದ ವೈರಸ್, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್, ಎರಡೂ ಒಂದೇ ಬಳಗದವು. ಯುರೋಪಿನದಕ್ಕೆ ಲಸಿಕೆ ಇದೆ. ಮೊದಲೆರಡು ಡೋಸ್‌ಗಳ ನಡುವೆ ಒಂದರಿಂದ ಮೂರು ತಿಂಗಳ ಅಂತರ ಬೇಕಾದ್ದರಿಂದ ಟಿಕೆಟ್ ಮಾಡಿಸಿದ ವಾರವೇ ವೈದ್ಯರನ್ನು ಕೇಳಿ. ಲೈಮ್ ರೋಗವೂ ಉಣ್ಣೆಯಿಂದಲೇ ಬರುತ್ತದೆ. ತೆಳು ಬಣ್ಣದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸಿಕ್ಕಿಸಿ. ರಾತ್ರಿ ಸ್ನಾನದ ಹೊತ್ತಿಗೆ ಮೊಣಕಾಲ ಹಿಂದೆ, ತೊಡೆಸಂದು, ಸೊಂಟ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಒಂದು ತಿಂಗಳೊಳಗೆ ಅಲ್ಲಿ ಕೆಂಪು ಗುರುತು ಹರಡುತ್ತಾ ಹೋದರೆ ವೈದ್ಯರಿಗೆ ತೋರಿಸಿ, ಯುರೋಪಿನ ಕಾಡಿಗೆ ಹೋಗಿದ್ದನ್ನೂ ಹೇಳಿ. ಕುರುಬರು ಕೊಡುವ ಕಾಯಿಸದ ಹಾಲಿನಿಂದಲೂ ಆ ಮಿದುಳುಜ್ವರ ಬರಬಹುದು, ನಯವಾಗಿ ಬೇಡವೆನ್ನಿ.

ಬೆಟ್ಟದಲ್ಲಿ

ತುಲ್ಚಾದಿಂದ ಬ್ರಯಿಲಾ, ಬುಜೌ ದಾರಿಯಾಗಿ ಬೆಟ್ಟಸೀಮೆಯ ಬ್ರಶೋವ್ ನಗರ ತಲುಪಲು ಐದಾರು ಗಂಟೆ. ಬ್ರಯಿಲಾದ ತೂಗುಸೇತುವೆ 2023ರ ಜುಲೈನಲ್ಲಿ ತೆರೆದ ಮೇಲೆ ಅಲ್ಲಿ ದೋಣಿಗೆ ಕಾಯುವುದು ತಪ್ಪಿದೆ. ವಾಸ್ತವ್ಯಕ್ಕೆ ಪ್ಯಾತ್ರಾ ಕ್ರಾಯುಲುಯ್ ಬೆಟ್ಟದ ಬುಡದ ಝರ್ನೆಷ್ಟಿ ಅನುಕೂಲ. ಊರಿನ ಪಕ್ಕದ ಕಮರಿಯಲ್ಲಿ ಬಂಡೆ ಹತ್ತುವ ವಾಲ್‌ಕ್ರೀಪರ್ ಇದೆ. ಬೂದು ಬಂಡೆಯ ಮೇಲೆ ಬೂದು ಹಕ್ಕಿ, ರೆಕ್ಕೆ ಬಿಚ್ಚಿದ ಕ್ಷಣ ಮಾತ್ರ ಕುಂಕುಮದಂಥ ಕೆಂಪು. ನೀರು ಜಿನುಗುವ ಸೀಳುಗಳನ್ನು ಬರಿಗಣ್ಣಿನಲ್ಲಿ ನೋಡುತ್ತಿರಿ, ಕೆಂಪು ಮಿಂಚಿದ ಮೇಲೆ ದುರ್ಬೀನು ಎತ್ತಿ.

ಹಗಲು ನಡಿಗೆಯಲ್ಲಿ ಕರಡಿಗಿಂತ ಹೆಚ್ಚಾಗಿ ಎದುರಾಗುವುದು ಕುರಿಕಾಯುವ ದೊಡ್ಡ ನಾಯಿಗಳು. ಮಂದೆಯ ನಡುವೆ ಹೋಗದೆ ದೂರದಿಂದ ಸುತ್ತಿಕೊಂಡು ಹೋಗಿ. ನಾಯಿ ಬಂದರೆ ಓಡದೆ ನಿಂತು ಕುರುಬನನ್ನು ಕೂಗಿ. ಕರಡಿ ಎದುರಾದರೂ ಓಡಬಾರದು: ಗುಂಪಾಗಿ ನಿಂತು, ಮೆಲ್ಲಗೆ ಮಾತಾಡುತ್ತಾ, ಅದಕ್ಕೆ ದಾರಿ ಬಿಟ್ಟು ಹಿಂದೆ ಸರಿಯಿರಿ. ತುರ್ತು ಸಂಖ್ಯೆ 112.

ಬೆಟ್ಟಸಾಲು ದಾಟುವ ಟ್ರಾನ್ಸ್‌ಫಗರಾಷಾನ್ ರಸ್ತೆಯ ಬದಿಯಲ್ಲಿ ಬಿಸ್ಕತ್ತಿಗೆ ಕೈಚಾಚುವ ಕರಡಿಗಳನ್ನು ನೋಡಲು ಕಾರು ನಿಲ್ಲಿಸಬೇಡಿ. ತಿಂಡಿ ಹಾಕುವುದು ಕಾನೂನಿಗೂ ವಿರುದ್ಧ. ಮನುಷ್ಯ ಅಂದರೆ ಊಟ ಎಂದು ಕಲಿತ ಕರಡಿ ಒಂದು ದಿನ ಯಾರನ್ನೋ ಗಾಯಗೊಳಿಸುತ್ತದೆ, ಆಮೇಲೆ ಗುಂಡೇಟು ತಿನ್ನುತ್ತದೆ. ಇದನ್ನು ತಡೆಯುವುದು ಪ್ರವಾಸಿಗರ ಕೈಯಲ್ಲೇ ಇದೆ.

ಕರಡಿಯನ್ನು ನೋಡಬೇಕಾದದ್ದು ಹೈಡ್‌ನಿಂದ. ಕಾಡಿನ ಬಯಲಿನ ಅಂಚಿನಲ್ಲಿ ಮರದ ಕೋಣೆ, ಮುಂದೆ ಗಾಜಿನ ಕಿಟಕಿ, ಬೆಂಚು. ಅರಣ್ಯ ರಕ್ಷಕ ಸ್ವಲ್ಪ ಮೆಕ್ಕೆಜೋಳವನ್ನು ಕಲ್ಲು, ಮರದ ದಿಮ್ಮಿಗಳ ಸಂದಿಯಲ್ಲಿ ಹಾಕಿರುತ್ತಾನೆ. ದರೋಜಿಯಲ್ಲಿ ಬಂಡೆಗೆ ಸವರಿದ ಬೆಲ್ಲದ ಪಾಕಕ್ಕೆ ಬರುವ ಕರಡಿಗಳನ್ನು ನೋಡಿದವರಿಗೆ ಏರ್ಪಾಡು ಹೊಸದೆನಿಸದು. ಊರಿಗೆ ಹತ್ತಿರದ, ರಾಶಿಗಟ್ಟಲೆ ಮೇವು ಸುರಿಯುವ ಹೈಡ್ ಆದರೆ ಬೇಡ ಎನ್ನಿ.

ಸಂಜೆ ಐದರ ಹೊತ್ತಿಗೆ ಒಳಗೆ ಸೇರಿ. ಮೇ ನಡುವಿನಲ್ಲಿ ಸೂರ್ಯ ಮುಳುಗುವುದು ಎಂಟೂ ಮುಕ್ಕಾಲರ ಆಸುಪಾಸು, ಕರಡಿಗಳು ಹೆಚ್ಚಾಗಿ ಬರುವುದು ಕೊನೆಯ ಎರಡು ಗಂಟೆಯಲ್ಲಿ. ಅತ್ತರು, ಊದಿನಕಡ್ಡಿ ವಾಸನೆಯ ಬಟ್ಟೆ, ಚಕ್ಕುಲಿ ಪೊಟ್ಟಣ ವ್ಯಾನಿನಲ್ಲೇ ಇರಲಿ. ಸರಬರ ಎನ್ನುವ ರೈನ್‌ಕೋಟು, ಪರ್ರ್ ಎನ್ನುವ ವೆಲ್ಕ್ರೋ ಬೇಡ, ಉಣ್ಣೆಯ ಸ್ವೆಟರ್ ಹಾಕಿ. ಕೆಮ್ಮಿನ ಮಾತ್ರೆಯ ಕಾಗದ ಮೊದಲೇ ಬಿಡಿಸಿಟ್ಟುಕೊಳ್ಳಿ. ಕ್ಯಾಮೆರಾದ ಬೀಪ್, ಫ್ಲ್ಯಾಶ್, ಫೋಕಸ್‌ನ ಕೆಂಪು ದೀಪ ಆರಿಸಿ. ಲೆನ್ಸ್ ಗಾಜಿಗೆ ತಾಗುವಷ್ಟು ಹತ್ತಿರವಿದ್ದು ನೇರವಾಗಿರಲಿ, ಓರೆಯಾದರೆ ಚಿತ್ರ ಮಂಜಾಗುತ್ತದೆ. ಕಪ್ಪು ಬಟ್ಟೆ ಸುತ್ತಿದರೆ ಪ್ರತಿಬಿಂಬ ಹೋಗುತ್ತದೆ. ಎಂಟು ಗಂಟೆಯ ಮಬ್ಬಿನಲ್ಲಿ ಐಎಸ್‌ಒ 3200ರಿಂದ 6400, ಶಟರ್ 1/125ರ ಆಸುಪಾಸು. ಈ ಹೊತ್ತಿಗೆ 500 ಎಂಎಂಗಿಂತ 70-200 ಎಫ್2.8 ಲೆನ್ಸ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮರಿಗಳಿರುವ ತಾಯಿ ಬಯಲಿನ ಅಂಚಿನಲ್ಲೇ ನಿಂತು ಮೂಗೆತ್ತಿ ಗಾಳಿ ನೋಡುತ್ತದೆ. ದೊಡ್ಡ ಗಂಡಿನ ವಾಸನೆ ಬಂದರೆ ಒಂದು ಉಸಿರು ಬಿಟ್ಟ ಸದ್ದು, ಮರಿಗಳು ಸರಸರನೆ ಸ್ಪ್ರೂಸ್ ಮರ ಏರುತ್ತವೆ. ಇಂಥ ಹೊತ್ತಿನಲ್ಲಿ ಬೆಂಚಿನಿಂದ ಎದ್ದರೂ ಆಟ ಮುಗಿಯಿತು, ಅಲ್ಲಾಡಬೇಡಿ. ಹೊರಡುವ ನಿರ್ಧಾರ ರಕ್ಷಕನದು. ಅವನು ಬಾಗಿಲು ತೆರೆದು, ಸುತ್ತ ನೋಡಿ, ಕೈ ಮಾಡಿದ ಮೇಲೆ ಟಾರ್ಚ್ ನೆಲಕ್ಕೆ ಹಿಡಿದು ಒಬ್ಬರಿಗೊಬ್ಬರು ಅಂಟಿಕೊಂಡು ವ್ಯಾನಿನವರೆಗೆ ನಡೆಯಿರಿ. ಫೋಟೋ ತೋರಿಸಲು ನಡುದಾರಿಯಲ್ಲಿ ನಿಲ್ಲಬೇಡಿ, ಕರಡಿಗಳು ಇನ್ನೂ ಹತ್ತಿರದಲ್ಲೇ ಇರುತ್ತವೆ.