ಸ್ಟೋಮಾ ಬ್ಯಾಗಿನ ಬಿಡಿ ಸೆಟ್ ನಾನು ಹೇಗೆ ಇಟ್ಟುಕೊಂಡಿದ್ದೇನೆ

ನನ್ನದು ಇಲಿಯೋಸ್ಟಮಿ. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಗೆ ತಂದಿರುತ್ತಾರೆ. ಆ ಬಾಯಿಯೇ ಸ್ಟೋಮಾ, ಅಲ್ಲಿಂದ ಬರುವ ಮಲ ಹಿಡಿಯಲು ಅದರ ಮೇಲೆ ಬ್ಯಾಗ್ ಹಾಕಿಕೊಳ್ಳಬೇಕು. ಅಲ್ಲಿಂದ ಬರುವುದು ಗಂಜಿಯಂತೆ ತೆಳ್ಳಗೆ, ಹಗಲು ರಾತ್ರಿ ಎನ್ನದೆ ಬರುತ್ತಲೇ ಇರುತ್ತದೆ. ಅದರಲ್ಲಿ ಜೀರ್ಣರಸ ಸೇರಿರುವುದರಿಂದ ಚರ್ಮಕ್ಕೆ ತಗುಲಿ ಒಂದೆರಡು ಗಂಟೆ ನಿಂತರೂ ಸಾಕು, ಕೆಂಪಾಗಿ ಉರಿಯುತ್ತದೆ. ಉರಿದ ಚರ್ಮ ಒದ್ದೆಯಾಗುತ್ತದೆ, ಒದ್ದೆ ಚರ್ಮಕ್ಕೆ ಬ್ಯಾಗನ್ನು ಹಿಡಿದಿಡುವ ಮುಂದಿನ ಪ್ಲೇಟ್ ಅಂಟುವುದಿಲ್ಲ, ಅದೂ ಸೋರುತ್ತದೆ. ಹಾಗಾಗಿ ಬಿಡಿ ಸಾಮಾನು ಕೈಗೆ ಸಿಗದ ಒಂದು ಮಧ್ಯಾಹ್ನದ ಬೆಲೆ ಒಂದು ವಾರದ ಚರ್ಮದ ಗಾಯವಾಗಬಹುದು.

ಮೊದಲು ಲೆಕ್ಕ. ನಾನು ಬಳಸುವುದು ಟೂ ಪೀಸ್, ಅಂದರೆ ಚರ್ಮಕ್ಕೆ ಅಂಟುವ ಪ್ಲೇಟ್ ಬೇರೆ, ಅದರ ಉಂಗುರಕ್ಕೆ ಕೂರುವ ಬ್ಯಾಗ್ ಬೇರೆ. ಪ್ಲೇಟ್ ನಾಲ್ಕು ದಿನಕ್ಕೊಮ್ಮೆ, ಬ್ಯಾಗ್ ಎರಡು ದಿನಕ್ಕೊಮ್ಮೆ ಬದಲಿಸುತ್ತೇನೆ. ತಿಂಗಳಿಗೆ 8 ಪ್ಲೇಟ್, 15 ಬ್ಯಾಗ್ ಆಯಿತು. ಸೋರಿಕೆ, ಭೇದಿ, ಬೇಸಿಗೆಯ ಬೆವರು, ಅಂಟಿಸುವಾಗ ಸುಕ್ಕಾಗಿ ಹಾಳಾದದ್ದು ಎಲ್ಲ ಸೇರಿಸಿ 10 ಪ್ಲೇಟ್, 20 ಬ್ಯಾಗ್ ಎಂದು ಹಿಡಿಯುತ್ತೇನೆ. ಮನೆಯಲ್ಲಿ ಎರಡು ತಿಂಗಳದ್ದು ಇರಬೇಕು. ಎರಡನೆಯ ತಿಂಗಳ ಪೆಟ್ಟಿಗೆ ಒಡೆದ ದಿನವೇ ಹೊಸದಕ್ಕೆ ಹೇಳಿಬಿಡುವುದು. ನಮ್ಮ ಕಡೆಯ ಸಣ್ಣ ಊರಿನ ಮೆಡಿಕಲ್‌ಗಳಲ್ಲಿ ಇದು ಸಿಗುವುದಿಲ್ಲ. ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ತರಿಸಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಪಾರ್ಸೆಲ್ ಸುತ್ತು ಹಾಕಿ ಬರಬೇಕು, ದಸರಾ ದೀಪಾವಳಿಗೆ ಸಾಲು ರಜೆ. 2020ರ ಮಾರ್ಚ್‌ನ ಲಾಕ್‌ಡೌನ್‌ನಂಥದ್ದು ಬಂದರೆ ವಾರದ ದಾಸ್ತಾನು ಯಾವ ಮೂಲೆಗೂ ಸಾಲದು. ಎರಡು ತಿಂಗಳಿಗಿಂತ ಹೆಚ್ಚು ಮಾತ್ರ ನಾನು ಕೂಡಿಡುವುದಿಲ್ಲ. ಸ್ಟೋಮಾದ ಅಳತೆ ಬದಲಾದರೆ ದುಡ್ಡೆಲ್ಲ ದಂಡ. ಆಪರೇಷನ್ ಆದ ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಲೇ ಇರುತ್ತದೆ. ಆ ಅವಧಿಯಲ್ಲಿ ಒಂದು ತಿಂಗಳದ್ದೇ ಹೆಚ್ಚು.

ಕೊಳ್ಳುವಾಗ ಜನ ಹೆಚ್ಚು ಎಡವುವುದು ಉಂಗುರದ ಅಳತೆಯಲ್ಲಿ. ಕೊಲೊಪ್ಲಾಸ್ಟ್‌ನಲ್ಲಿ 40, 50, 60 ಮಿ.ಮೀ. ಇದೆ, ಹೋಲಿಸ್ಟರ್‌ನಲ್ಲಿ 44, 57, 70, ಕಾನ್ವಾಟೆಕ್‌ನಲ್ಲಿ 38, 45, 57, 70. ಒಂದು ಕಂಪನಿಯ ಬ್ಯಾಗ್ ಇನ್ನೊಂದರ ಪ್ಲೇಟಿಗೆಂದು ಮಾಡಿದ್ದಲ್ಲ. ಎರಡರಲ್ಲೂ 57 ಎಂದು ಬರೆದಿದ್ದರೂ ನಂಬಬಾರದು. ಕೂತಂತೆ ಕಾಣುತ್ತದೆ, ಭಾರ ತುಂಬಿದಾಗ ಕಳಚುತ್ತದೆ. ಆದ್ದರಿಂದ ಅಂಗಡಿಯಲ್ಲಿ ಬರೀ ‘57ರದ್ದು ಕೊಡಿ’ ಎನ್ನದೆ, ಹಳೆಯ ಪೆಟ್ಟಿಗೆಯ ಮೇಲಿನ ಕೋಡ್ ನಂಬರನ್ನೇ ಓದಿ ಹೇಳುತ್ತೇನೆ. ನಮ್ಮ ಕಂಪನಿಯದ್ದು ಎಲ್ಲೂ ಸಿಗದೆ, ಬೇರೆಯದನ್ನೇ ಕೊಳ್ಳಬೇಕಾಗಿ ಬಂದರೆ ಒನ್ ಪೀಸ್ ಕೊಳ್ಳುವುದು ಮೇಲು. ಪ್ಲೇಟ್ ಬ್ಯಾಗ್ ಎರಡೂ ಒಂದೇ ಆದ್ದರಿಂದ ಜೋಡಣೆಯ ತಕರಾರೇ ಇಲ್ಲ. ತೂತು ಮಾತ್ರ ನಮ್ಮ ಅಳತೆಗೆ ಕತ್ತರಿಸಿಕೊಂಡರಾಯಿತು. ಕೆಳಗಿನಿಂದ ಖಾಲಿ ಮಾಡಲು ಬರುವ ಬ್ಯಾಗೇ ಆಗಿರಬೇಕು. ಇಲಿಯೋಸ್ಟಮಿಗೆ ಮುಚ್ಚಿದ ಬ್ಯಾಗ್ ಪ್ರಯೋಜನವಿಲ್ಲ.

ಇಡುವ ಜಾಗ. ಪ್ಲೇಟಿನ ಅಂಟು ಶಾಖಕ್ಕೆ ಮೆತ್ತಗಾಗಿ ಹಿಂದಿನ ಕಾಗದಕ್ಕೆ ಹಿಡಿದುಕೊಳ್ಳುತ್ತದೆ, ತೇವಕ್ಕೆ ಊದುತ್ತದೆ. ಸ್ಕೂಟರಿನ ಸೀಟಿನ ಕೆಳಗಿನ ಡಬ್ಬಿ ಅನುಕೂಲ ಎನಿಸಿದರೂ ಕೆಳಗೆ ಎಂಜಿನ್ ಇದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೂ ಅಷ್ಟೇ. ಫ್ರಿಜ್ಜಿನಲ್ಲಿ ಇಡುವುದೂ ತಪ್ಪು, ತಣ್ಣಗಾದ ಅಂಟು ಬಿರುಸಾಗಿ ಚರ್ಮಕ್ಕೆ ಕೂರುವುದಿಲ್ಲ. ನಾನು ಬಿಗಿ ಮುಚ್ಚಳದ ಅಗಲ ಸ್ಟೀಲ್ ಡಬ್ಬಿಯಲ್ಲಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬೀರುವಿನ ನಡುವಿನ ಅರೆಯಲ್ಲಿ ಇಡುತ್ತೇನೆ. ಕರಾವಳಿಯ ಆಟಿ ತಿಂಗಳ ತೇವಕ್ಕೂ ಇಲಿಗೂ ಇದೇ ಮದ್ದು. ಪ್ಲೇಟುಗಳನ್ನು ಮಲಗಿಸಿ ಇಡಬೇಕು, ಮೇಲೆ ಭಾರ ಹೇರಬಾರದು. ಉಂಗುರ ಒಮ್ಮೆ ಸೊಟ್ಟಗಾದರೆ ಬ್ಯಾಗ್ ಕೂರದು. ಹೊಸ ಪೆಟ್ಟಿಗೆ ಹಿಂದಕ್ಕೆ, ಹಳೆಯದು ಮುಂದಕ್ಕೆ. ಮುಗಿಯುವ ತಾರೀಖನ್ನು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿರುತ್ತೇನೆ.

ಇನ್ನು ಜೊತೆಯಲ್ಲಿ ಒಯ್ಯುವ ಸೆಟ್. ಬರೀ ನಾಲ್ಕು ಬ್ಯಾಗ್ ಹಾಕಿಕೊಂಡು ಹೊರಟರೆ ಅದು ತಯಾರಿಯಲ್ಲ, ಏಕೆಂದರೆ ಸೋರುವುದು ಸಾಮಾನ್ಯವಾಗಿ ಪ್ಲೇಟಿನ ಅಡಿಯಿಂದ. ಪ್ಲೇಟ್ ಕಿತ್ತು ಚರ್ಮ ತೊಳೆದು ಹೊಸದು ಹಾಕುವ ತನಕದ ಒಂದು ಪೂರ್ತಿ ಬದಲಾವಣೆಗೆ ಬೇಕಾದದ್ದೆಲ್ಲ ಒಂದೇ ಚೀಲದಲ್ಲಿ ಇರಬೇಕು. ನನ್ನದರಲ್ಲಿ ಅಂಥ ಎರಡು ಬದಲಾವಣೆಗಾಗುವಷ್ಟಿದೆ: ತೂತು ಕತ್ತರಿಸಿದ ಎರಡು ಪ್ಲೇಟ್, ಅವಕ್ಕೆ ಆಗಲೇ ಜೋಡಿಸಿಟ್ಟ ಎರಡು ಬ್ಯಾಗ್, ಎರಡು ಸೀಲ್ ರಿಂಗ್ (ಸ್ಟೋಮಾದ ಸುತ್ತಲಿನ ಸಂದು ಮುಚ್ಚುವ ಮೆತ್ತನೆಯ ಉಂಗುರ), ಸಣ್ಣ ಡಬ್ಬಿ ಸ್ಟೋಮಾ ಪೌಡರ್, ಹತ್ತು ತುಂಡು ಒಣ ಹಳೆಯ ಕಾಟನ್ ಬಟ್ಟೆ, ಅರ್ಧ ಲೀಟರ್ ನೀರು, ನಾಲ್ಕು ಕಪ್ಪು ಪ್ಲಾಸ್ಟಿಕ್ ಕವರ್, ಅಂಗೈಯಗಲದ ಕನ್ನಡಿ, ಒಳ ಉಡುಪು, ಒಂದು ಲುಂಗಿ. ಬ್ಯಾಗಿನ ಬಾಯಿಗೆ ಪ್ಲಾಸ್ಟಿಕ್ ಕ್ಲಿಪ್ ಹಾಕುವವರು ಒಂದು ಹೆಚ್ಚಿನ ಕ್ಲಿಪ್ ಇಡಲೇಬೇಕು. ಬಸ್ ನಿಲ್ದಾಣದ ಶೌಚಾಲಯದಲ್ಲಿ ಕೈಜಾರಿದ ಕ್ಲಿಪ್ ಮತ್ತೆ ಸಿಗುವುದಿಲ್ಲ. ಚೀಲಕ್ಕೆ ಉದ್ದ ಹಿಡಿಕೆ ಇರಲಿ. ರೈಲಿನ ಶೌಚಾಲಯದಲ್ಲಿ ನೆಲದ ಮೇಲೆ ಏನನ್ನೂ ಇಡಲಾಗದು, ಕೊರಳಿಗೆ ನೇತುಹಾಕಿಕೊಳ್ಳಬೇಕಾಗುತ್ತದೆ. ಅದಕ್ಕೇ ಒಳಗೆ ತುಂಬುವಾಗ ಕೊನೆಗೆ ಬೇಕಾದದ್ದು ಅಡಿಗೆ, ಮೊದಲು ಬೇಕಾದದ್ದು ಮೇಲಕ್ಕೆ: ಕವರ್, ಬಟ್ಟೆ, ನೀರು, ಆಮೇಲೆ ಪ್ಲೇಟ್.

ಸಂದು ಮುಚ್ಚಲೆಂದೇ ಬರುವ ಟ್ಯೂಬಿನ ಪೇಸ್ಟ್ ಬದಲು ಸೀಲ್ ರಿಂಗ್ ಇಡುವುದಕ್ಕೆ ಕಾರಣವಿದೆ. ಒಮ್ಮೆ ಒಡೆದ ಟ್ಯೂಬು ತಿಂಗಳುಗಟ್ಟಲೆ ಚೀಲದಲ್ಲೇ ಉಳಿದರೆ ಬಾಯಿ ಗಟ್ಟಿಯಾಗಿ, ಬೇಕಾದಾಗ ಹಿಂಡಿದರೂ ಬರುವುದಿಲ್ಲ. ಹೆಚ್ಚಿನ ಪೇಸ್ಟ್‌ಗಳಲ್ಲಿ ಆಲ್ಕೋಹಾಲ್ ಇರುವುದರಿಂದ ಸೋರಿ ಹಸಿಯಾದ ಚರ್ಮಕ್ಕೆ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತದೆ. ಅಂಥ ಚರ್ಮಕ್ಕೆ ತೆಳ್ಳಗೆ ಪೌಡರ್ ಉದುರಿಸಿ, ಹೆಚ್ಚಿನದನ್ನು ಒಣ ಬಟ್ಟೆಯಿಂದ ಕೊಡವಿ, ಮೇಲೆ ಪ್ಲೇಟ್ ಹಾಕುತ್ತೇನೆ. ಕೊಡವದೆ ಬಿಟ್ಟರೆ ಪ್ಲೇಟ್ ಪೌಡರಿಗೆ ಅಂಟುತ್ತದೆ, ಚರ್ಮಕ್ಕಲ್ಲ. ಮಕ್ಕಳಿಗೆ ಬಳಸುವ ಪರಿಮಳದ ಒದ್ದೆ ಟಿಶ್ಯೂ ಸೆಟ್‌ನಲ್ಲಿ ಬೇಡವೇ ಬೇಡ, ಅದರ ಎಣ್ಣೆ ಪಸೆ ಅಂಟನ್ನು ಕೆಡಿಸುತ್ತದೆ. ಕೆಂಪಾದ ಜಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಎಂದು ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಪ್ಲೇಟ್ ಬರುವ ಜಾಗಕ್ಕೆ ಅದು ಕೂಡದು.

ತೂತು ಕತ್ತರಿಸುವ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮನೆಯಿಂದ ಹೊರಗೆ ಕತ್ತರಿ ಸಿಗುವುದು ಕಷ್ಟ, ವಿಮಾನದ ಕೈಚೀಲದಲ್ಲಾದರೆ ತಪಾಸಣೆಯ ತಾಪತ್ರಯ. ಆದ್ದರಿಂದ ಕತ್ತರಿಸಿಯೇ ಒಯ್ಯಬೇಕು. ತೂತು ಸ್ಟೋಮಾಕ್ಕಿಂತ ಸುತ್ತಲೂ 1ರಿಂದ 2 ಮಿ.ಮೀ. ದೊಡ್ಡದಿರಬೇಕು. ಹೆಚ್ಚಾದರೆ ಆ ಸಂದಿನ ಚರ್ಮ ಸುಡುತ್ತದೆ, ಕಡಿಮೆಯಾದರೆ ಅಂಚು ತಾಗಿ ಸ್ಟೋಮಾಕ್ಕೇ ಗಾಯ. ನಿಮ್ಮ ಸ್ಟೋಮಾ ದುಂಡಗಿಲ್ಲದಿದ್ದರೆ ಅಚ್ಚು ಮಾಡಿಕೊಳ್ಳಿ: ತೆಳುವಾದ ಪಾರದರ್ಶಕ ಹಾಳೆಯನ್ನು ಸ್ಟೋಮಾದ ಮುಂದೆ ಹಿಡಿದು, ಅದಕ್ಕೆ ತಾಗದಂತೆ ಆಕಾರ ಬರೆದು, ‘ಮೇಲೆ’ ಎಂದು ಗುರುತು ಹಾಕಿ ಕತ್ತರಿಸಿ. ಪ್ಲೇಟಿನ ಕಾಗದದ ಮೇಲೆ ಇಟ್ಟು ಬರೆಯುವಾಗ ಅಚ್ಚನ್ನು ಎಡಬಲ ಮಗುಚಿ ಇಡಬೇಕು. ಕಾಗದದ ಬದಿ ಮೈಗೆ ತಾಗುವ ಬದಿ, ನಾವು ಅದನ್ನು ಹಿಂದಿನಿಂದ ನೋಡುತ್ತಿರುತ್ತೇವೆ. ಮಗುಚದೆ ಕತ್ತರಿಸಿದರೆ ಎಡದ ಉಬ್ಬು ಬಲಕ್ಕೆ ಬರುತ್ತದೆ. ಈ ತಪ್ಪು ಗೊತ್ತಾಗುವುದು ಅಂಟಿಸುವ ಹೊತ್ತಿಗೆ. ಒಯ್ಯುವ ಎರಡನ್ನು ಬಿಟ್ಟು ಮಿಕ್ಕ ಪ್ಲೇಟುಗಳನ್ನು ಮುಂಚಿತವಾಗಿ ಕತ್ತರಿಸಿಡಬೇಡಿ. ತೂಕ ಏರಿಳಿದರೆ, ಸ್ಟೋಮಾದ ಪಕ್ಕ ಹರ್ನಿಯಾ ಬಂದರೆ ಆಕಾರ ಬದಲಾಗುತ್ತದೆ.

ಕರೆಂಟ್ ಬಿಲ್ ಬಂದ ದಿನ ನಾನು ಈ ಚೀಲ ಬಿಚ್ಚಿ ನೋಡುತ್ತೇನೆ. ಅಳತೆ ಮತ್ತೆ ತೆಗೆಯುತ್ತೇನೆ, ನೀರು ಬದಲಿಸುತ್ತೇನೆ. ಮೂರು ತಿಂಗಳಿಗೊಮ್ಮೆ ಚೀಲದ ಪ್ಲೇಟುಗಳನ್ನು ಮನೆಯಲ್ಲಿ ಬಳಸಿ, ಡಬ್ಬಿಯಿಂದ ಹೊಸ ಎರಡನ್ನು ಕತ್ತರಿಸಿ ತುಂಬುತ್ತೇನೆ. ಇಂಥದ್ದೇ ಇನ್ನೊಂದು ಚಿಕ್ಕ ಸೆಟ್ ಕೆಲಸದ ಜಾಗದ ಡ್ರಾಯರಿನಲ್ಲಿದೆ, ಒಂದು ಬದಲಾವಣೆಯಷ್ಟು.

ಸೋರಿಕೆ ಶುರುವಾದರೆ ಮೇಲೆ ಟೇಪ್ ಸುತ್ತಿ ಮನೆಗೆ ಹೋಗುವ ತನಕ ತಡೆಯುವ ಯೋಚನೆ ಬೇಡ. ಟೇಪ್ ದ್ರವವನ್ನು ಒಳಗೇ ಹಿಡಿದಿಡುತ್ತದೆ, ಅಡಿಯ ಚರ್ಮ ಬೇಯುತ್ತದೆ. ಎಸಿ ಕೋಚಿನಲ್ಲೋ ಚಳಿಗಾಲದಲ್ಲೋ ಬದಲಿಸುವುದಾದರೆ ಹೊಸ ಪ್ಲೇಟನ್ನು ಒಂದೆರಡು ನಿಮಿಷ ಕಂಕುಳಲ್ಲಿ ಹಿಡಿದು ಬೆಚ್ಚಗೆ ಮಾಡಿ, ಅಂಟಿಸಿದ ಮೇಲೆ ಅಂಗೈಯಿಂದ ಮತ್ತೆರಡು ನಿಮಿಷ ಒತ್ತಿ ಹಿಡಿಯಿರಿ. ಬಸ್ ಹತ್ತುವ ಮುಂಚೆ ಖಾಲಿ ಮಾಡಿ. ಬ್ಯಾಗ್ ಮೂರನೇ ಒಂದು ಭಾಗ ದಾಟಿದರೆ ಭಾರಕ್ಕೆ ಪ್ಲೇಟ್ ಎಳೆಯುತ್ತದೆ.

ಚೀಲದ ಒಳಬದಿಗೆ ಒಂದು ಕಾರ್ಡ್ ಹೊಲಿದಿದ್ದೇನೆ: ಇಲಿಯೋಸ್ಟಮಿ ಎಂಬುದು, ಆಪರೇಷನ್ ಆದ ತಿಂಗಳು, ಪ್ಲೇಟ್ ಮತ್ತು ಬ್ಯಾಗಿನ ಕೋಡ್, ತೂತಿನ ಅಳತೆ, ವೈದ್ಯರ ಫೋನ್, ಬದಲಿಸುವ ಕ್ರಮ ಆರು ಸಾಲಿನಲ್ಲಿ. ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ವಾರ್ಡಿನಲ್ಲಿ ನಮ್ಮ ಅಳತೆಯದ್ದು ಇರುತ್ತದೆ ಎನ್ನುವ ಖಾತ್ರಿಯಿಲ್ಲ, ನಾವು ಎಚ್ಚರವಿರುತ್ತೇವೆ ಎನ್ನುವ ಖಾತ್ರಿಯೂ ಇಲ್ಲ. ಮನೆಯಲ್ಲಿ ಒಬ್ಬರಾದರೂ ಈ ಚೀಲದಿಂದಲೇ ಒಮ್ಮೆ ತಾವೇ ಬದಲಿಸಿ ಅಭ್ಯಾಸ ಮಾಡಿಕೊಂಡಿರಬೇಕು.

ಚೀಲದಲ್ಲಿ ಕೊನೆಯದಾಗಿ ಓಆರ್‌ಎಸ್. ದೊಡ್ಡ ಕರುಳಿನ ದಾರಿ ತಪ್ಪಿರುವುದರಿಂದ ನೀರಿನ ಜೊತೆ ಉಪ್ಪೂ ಹೊರಹೋಗುತ್ತದೆ. ದಿನಕ್ಕೆ ಒಂದೂವರೆ ಲೀಟರ್ ಮೀರಿ ಹೋಗುತ್ತಿದ್ದರೆ ಬರೀ ನೀರು ಕುಡಿದಷ್ಟೂ ನಷ್ಟ ಹೆಚ್ಚುತ್ತದೆ, ವೈದ್ಯರಿಗೆ ತಿಳಿಸಲೇಬೇಕು. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ದ್ರಾವಣ ಗಾಢವಾಗಿ ಕರುಳು ಇನ್ನಷ್ಟು ನೀರು ಬಿಡುತ್ತದೆ. ಹಾಗಾಗಿ ನಾನು ಇಡುವುದು 200 ಮಿ.ಲೀ. ನೀರಿಗೆ ಕದಡುವ ಚಿಕ್ಕ ಪೊಟ್ಟಣಗಳನ್ನು, ಐದು. ಬಾಟಲಿಯ ಮೇಲೆ 200ರ ಗೆರೆಯನ್ನು ಮಾರ್ಕರ್‌ನಲ್ಲಿ ಎಳೆದಿದ್ದೇನೆ.