ಹೂವು ಉದುರುವ ಲಕ್ಷ್ಮಣಫಲ: ಕುಂಚ ಹಿಡಿದು ಕಾಯಿ ಕಟ್ಟಿಸುವ ಬಗೆ

ಕಾರವಾರದ ನಮ್ಮ ಹಿತ್ತಿಲಿನ ಲಕ್ಷ್ಮಣಫಲದ ಗಿಡ ನಾಲ್ಕನೇ ವರ್ಷಕ್ಕೆ ಹೂ ಬಿಟ್ಟಿತು. ಆ ಬೇಸಿಗೆಯಲ್ಲಿ ನಲವತ್ತರವರೆಗೆ ಎಣಿಸಿ, ಆಮೇಲೆ ಎಣಿಸುವುದನ್ನು ಬಿಟ್ಟೆ. ಕಾಯಿ ಒಂದೂ ಇಲ್ಲ. ಬೆಳಿಗ್ಗೆ ಅಂಗಳ ಗುಡಿಸುವಾಗ ದಪ್ಪ ದಪ್ಪ ಎಸಳುಗಳು ಕಸದ ಜೊತೆ ಸಿಗುತ್ತಿದ್ದವು. ಸಸಿ ಕೊಟ್ಟ ನರ್ಸರಿಯವರನ್ನು ಕೇಳಿದರೆ ಗೊಬ್ಬರ ಸಾಲದು ಎಂದರು. ಹಾಕಿದೆ. ಎಲೆ ಇನ್ನಷ್ಟು ಮಿರುಗಿತು, ಅಷ್ಟೇ.

ಗಂಟು ಬಿಡಿಸಿದವರು ಶಿರಸಿಯಿಂದ ಬಂದಿದ್ದ ಸೋದರತ್ತೆ. ಗಿಡಕ್ಕೆ ಒಂದು ಸುತ್ತು ಬಂದು, ಬಿದ್ದ ಹೂವೊಂದನ್ನು ಎತ್ತಿ ಬಿಡಿಸಿ ನೋಡಿ, "ತಮಾ, ವೆನಿಲ್ಲಾ ಕಾಲ ಮರೆತುಹೋಯಿತೇ?" ಎಂದು ಕೇಳಿದರು.

ಮರೆಯುವಂಥದ್ದೇ? ಎರಡು ಸಾವಿರದ ಇಸವಿಯ ಆಚೀಚೆ ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿತ್ತು. 2003ರ ಸುಮಾರಿಗೆ ಬೆಲೆ ಆಕಾಶಕ್ಕೆ ಏರಿ, ಮರುವರ್ಷಗಳಲ್ಲಿ ನೆಲಕ್ಕೆ ಬಿತ್ತು. ಬೆಲೆ ಇದ್ದಷ್ಟು ದಿನ ಬೆಳಿಗ್ಗೆ ಎದ್ದು ಹೂವು ಹೂವಿಗೂ ಕಡ್ಡಿ ಮುಟ್ಟಿಸಿ ಪರಾಗಸ್ಪರ್ಶ ಮಾಡಿಸುವುದು ಮನೆಮಂದಿಯ ಕೆಲಸವಾಗಿತ್ತು. ಆ ಕೈಚಳಕವನ್ನು 1841ರಲ್ಲಿ ಕಂಡುಕೊಂಡವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, ಹನ್ನೆರಡು ವರ್ಷದ ಗುಲಾಮ ಹುಡುಗ. ವೆನಿಲ್ಲಾ ಹೋಯಿತು, ಅತ್ತೆಯ ಕೈಗೆ ಅಭ್ಯಾಸ ಉಳಿದಿತ್ತು. ಲಕ್ಷ್ಮಣಫಲಕ್ಕೂ ಬೇಕಾದದ್ದು ಅದೇ ಕೆಲಸ, ಆದರೆ ಲೆಕ್ಕ ಬೇರೆ.

ಹೂವಿನ ಒಳಗುಟ್ಟು

ಕೆಲವರು ಮುಳ್ಳು ರಾಮಫಲ ಎಂದೂ ಕರೆಯುವ ಈ ಹಣ್ಣು ಅಮೆರಿಕದ ಉಷ್ಣವಲಯದಿಂದ ಬಂದದ್ದು; ಸೀತಾಫಲ, ರಾಮಫಲಗಳ ದಾಯಾದಿ. ಹೂವಿಗೆ ಹೊರಗೆ ದಪ್ಪನೆಯ ಮೂರು ಎಸಳು, ಒಳಗೆ ಮತ್ತೆ ಮೂರು. ನಡುವೆ ಪುಟ್ಟ ಗುಡ್ಡದಂತೆ ಹೆಣ್ಣುಭಾಗ. ಗುಡ್ಡದ ಬುಡಕ್ಕೆ ಪಟ್ಟಿ ಸುತ್ತಿದ ಹಾಗೆ ನೂರಾರು ಸಣ್ಣ ಕೇಸರಗಳು. ಗಂಡು ಹೆಣ್ಣು ಒಂದೇ ಸೂರಿನಡಿ ಇವೆ, ಆದರೆ ಭೇಟಿಯಾಗುವುದಿಲ್ಲ. ಎಸಳು ಬಿರುಕು ಬಿಡುವ ಹೊತ್ತಿಗೆ ಹೆಣ್ಣುಭಾಗ ಅಂಟಂಟಾಗಿ ಪರಾಗಕ್ಕೆ ಕಾದಿರುತ್ತದೆ. ಆಗ ಕೇಸರಗಳು ಇನ್ನೂ ಬಿಗಿದುಕೊಂಡಿರುತ್ತವೆ. ಹೂವು ಪೂರ್ತಿ ಅರಳಿ ಕೇಸರ ಪುಡಿ ಉದುರಿಸುವಷ್ಟರಲ್ಲಿ ಹೆಣ್ಣುಭಾಗ ಒಣಗಿರುತ್ತದೆ.

ಈ ಗೈರುಹೊತ್ತಿನ ನಡುವೆ ಓಡಾಡಿ ಪುಡಿ ಸಾಗಿಸುವುದು ಜೇನಲ್ಲ, ಕೊಳೆತ ಹಣ್ಣಿಗೆ ಮುತ್ತುವ ಎಳ್ಳುಕಾಳಿನಷ್ಟು ಪುಟ್ಟ ಜೀರುಂಡೆಗಳು. ದೊಡ್ಡ ಮರದಲ್ಲಿ ಒಂದೇ ದಿನ ಬೇರೆ ಬೇರೆ ಹಂತದ ಹತ್ತಾರು ಹೂಗಳಿರುತ್ತವೆ, ಹೇಗೋ ನಡೆದುಹೋಗುತ್ತದೆ. ಎಳೆಯ ಗಿಡದಲ್ಲಿ ದಿನಕ್ಕೆ ಒಂದೋ ಎರಡೋ. ಒಂದು ಹೆಣ್ಣಾಗಿರುವಾಗ ಇನ್ನೊಂದು ಗಂಡಾಗಿರಬೇಕಲ್ಲ? ನನ್ನ ನಲವತ್ತು ಹೂಗಳು ಹೋದದ್ದು ಹೀಗೆ.

ಮೊದಲು ಗಿಡದ ಮೈ ನೋಡಿ

ಬೀಜದ ಸಸಿ ಮೂರರಿಂದ ಐದು ವರ್ಷಕ್ಕೆ ಹೂ ಬಿಡುತ್ತದೆ. ಅದಕ್ಕೂ ಮುಂಚೆ ಕುಂಚ ಹಿಡಿದು ನಿಂತರೆ ಪ್ರಯೋಜನವಿಲ್ಲ. ಹೂ ಬರುವ ಕಾಲದಲ್ಲಿ ಸಗಣಿ ಗೊಬ್ಬರ, ಯೂರಿಯಾ ಸುರಿಯಬೇಡಿ. ಗಿಡ ಎಲೆಯ ಕಡೆ ತಿರುಗುತ್ತದೆ. ಒಲೆಯ ಬೂದಿ ಒಂದೆರಡು ಹಿಡಿ ಸಾಕು. ಬೇರು ಮೇಲುಮೇಲಕ್ಕೇ ಹರಡುವುದರಿಂದ ಬುಡ ಅಗೆಯುವುದೂ ಬೇಡ, ಒಣಗಲು ಬಿಡುವುದೂ ಬೇಡ. ಒಂದು ಗೇಣು ದಪ್ಪ ದರಕು, ಅಂದರೆ ಉದುರಿದ ಒಣ ಎಲೆ, ಹೊದಿಸಿ. ಕಾಂಡಕ್ಕೆ ಮಾತ್ರ ತಾಗದಿರಲಿ. ನಮ್ಮ ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಹಣ್ಣಿನ ಮಾತಿರಲಿ, ಗಿಡವೇ ಉಳಿಯುವುದಿಲ್ಲ. ಗಿಡ ನೆಡುವಾಗಲೇ ದಿಬ್ಬ ಮಾಡಿರಬೇಕು.

ಕೈ ಹಾಕಲು ಒಳ್ಳೆಯ ಕಾಲ ಮಾರ್ಚ್‌ನಿಂದ ಮೇ. ಜೂನ್ ಮಳೆ ಹಿಡಿಯಿತೆಂದರೆ ಪುಡಿ ತೊಳೆದುಹೋಗುತ್ತದೆ.

ಸಂಜೆ: ಪುಡಿ ಕೂಡಿಡುವುದು

ಬೇಕಾದ ಸಾಮಾನು ಎರಡೇ: ಮಕ್ಕಳ ಚಿತ್ರಕಲೆಯ ಮೆತ್ತನೆಯ ಸಣ್ಣ ಕುಂಚ, ಒಂದು ಬಟ್ಟಲು.

ನಾಲ್ಕು ಗಂಟೆಯ ನಂತರ ಗಿಡದಲ್ಲಿ ಅಗಲವಾಗಿ ಬಿರಿದ ಹೂ ಹುಡುಕಿ. ಕೇಸರಗಳ ಬಿಳುಪು ಮಾಸಿ ಸಡಿಲವಾಗಿದ್ದರೆ ಅದು ಗಂಡು ಹಂತ. ಹೂವನ್ನು ಕಿತ್ತು ಕಾಗದದ ಮೇಲಿಟ್ಟು, ಇನ್ನೊಂದು ಕಾಗದ ಮುಚ್ಚಿ, ಇರುವೆ ಬಾರದ ಕಡೆ ರಾತ್ರಿ ಬಿಡಿ. ಪ್ಲಾಸ್ಟಿಕ್ ಡಬ್ಬಿ ಮಾತ್ರ ಬೇಡ. ಕರಾವಳಿಯ ಹವೆಗೆ ಡಬ್ಬಿಯೊಳಗೆ ಬೆವರಿಳಿದು ಬೆಳಗಾಗುವಷ್ಟರಲ್ಲಿ ಪುಡಿ ಹಿಟ್ಟಿನ ಮುದ್ದೆಯಾಗುತ್ತದೆ. ನಾನು ಒಮ್ಮೆ ಹಾಗೆ ಮಾಡಿ ಎರಡು ಹೂ ಹಾಳು ಮಾಡಿದ್ದೇನೆ.

ನಿಮ್ಮ ಗಿಡದಲ್ಲಿ ಆ ದಿನ ಬಿರಿದ ಹೂ ಇಲ್ಲವೆಂದಾದರೆ ಪಕ್ಕದ ಮನೆಯ ಲಕ್ಷ್ಮಣಫಲದಿಂದ ಕೇಳಿ ತನ್ನಿ, ಸಂಕೋಚ ಬೇಡ. ಮಜ್ಜಿಗೆಗೆ ಹೆಪ್ಪು ಕೇಳಿದ ಹಾಗೆಯೇ ಇದೂ.

ಬೆಳಿಗ್ಗೆ: ಮುಟ್ಟಿಸುವುದು

ಬಿಸಿಲೇರುವ ಮೊದಲು, ಹೆಚ್ಚೆಂದರೆ ಒಂಬತ್ತರೊಳಗೆ ಮುಗಿಸಿ. ರಾತ್ರಿ ಇಟ್ಟ ಹೂವನ್ನು ಬಟ್ಟಲಿನ ಮೇಲೆ ತಟ್ಟಿದರೆ ಕೇಸರಗಳು ಪುಡಿಯ ಸಮೇತ ಉದುರುತ್ತವೆ. ಒಂದು ಹೂವಿನದು ನಾಲ್ಕೈದು ಹೂಗಳಿಗೆ ಧಾರಾಳ. ಇದನ್ನು ನಾಳೆಗೆ ಎಂದು ಎತ್ತಿಡಬೇಡಿ, ಪರಾಗದ ಜೀವ ಸಣ್ಣದು.

ಈಗ ಹೆಣ್ಣು ಹಂತದ ಹೂ ಬೇಕು: ಹೊರ ಎಸಳುಗಳು ಆಗಷ್ಟೇ ಒಂದನ್ನೊಂದು ಬಿಟ್ಟಿರಬೇಕು. ತೆಳ್ಳಗಿನ ತುದಿಕೊಂಬೆಯ ಹೂವಿನ ಮೇಲೆ ಕಣ್ಣು ಹಾಕಬೇಡಿ. ಹಣ್ಣು ಎರಡು ಮೂರು ಕಿಲೋ ತೂಗಬಹುದು, ಕೊಂಬೆಯೇ ಮುರಿಯುತ್ತದೆ. ಈ ಗಿಡ ಹಲಸಿನಂತೆ ಕಾಂಡಕ್ಕೂ ಹೂ ಬಿಡುತ್ತದೆ, ಅದೇ ಉತ್ತಮ. ಒಳ ಎಸಳೊಂದನ್ನು ಮೆಲ್ಲಗೆ ಬಗ್ಗಿಸಿ, ಬಗ್ಗದಿದ್ದರೆ ಕಿತ್ತುಹಾಕಿ. ನಡುವಿನ ಗುಡ್ಡ ಹೊಳೆಯುತ್ತಿದ್ದರೆ ಹೊತ್ತು ಸರಿಯಾಗಿದೆ. ಕುಂಚವನ್ನು ಪುಡಿಯಲ್ಲಿ ಹೊರಳಿಸಿ ಗುಡ್ಡದ ಸುತ್ತ, ನೆತ್ತಿಯಿಂದ ಬುಡದವರೆಗೆ ಎರಡು ಮೂರು ಬಾರಿ ಸವರಿ.

ಈ ಸುತ್ತು ಹಾಕುವುದರಲ್ಲಿಯೇ ಎಲ್ಲ ಇದೆ. ಗುಡ್ಡದಲ್ಲಿ ಕಾಣುವ ಒಂದೊಂದು ಚುಕ್ಕಿಯೂ ಒಂದೊಂದು ಅಂಡಾಶಯದ ಬಾಯಿ. ಅವೆಲ್ಲ ಕೂಡಿ ಬೆಳೆದು ಒಂದು ಹಣ್ಣಾಗುತ್ತದೆ. ಪುಡಿ ಸಿಗದ ಪಕ್ಕ ಉಬ್ಬುವುದಿಲ್ಲ, ಹಣ್ಣು ಗೋಡಂಬಿಯಂತೆ ಸೊಟ್ಟಗಾಗುತ್ತದೆ. ಪೇಟೆಯಲ್ಲಿ ಸೊಟ್ಟ ಲಕ್ಷ್ಮಣಫಲ ಕಂಡರೆ ರೋಗವೆಂದೇ ಎಣಿಸಬೇಕಾಗಿಲ್ಲ. ನನ್ನ ಮೊದಲ ಹಣ್ಣು ನೋಡಿ ಅತ್ತೆ, "ಎಡಗಡೆ ಕೈ ಹೋಗಲಿಲ್ಲ ಅಲ್ಲವೇ?" ಎಂದಿದ್ದರು. ಹೋಗಿರಲಿಲ್ಲ; ಆ ಪಕ್ಕ ಚಿಗಳಿ ಇರುವೆಯ ಗೂಡಿತ್ತು.

ಮುಟ್ಟಿಸಿದ ಹೂವಿನ ತೊಟ್ಟಿಗೆ ಬಣ್ಣದ ನೂಲು ಕಟ್ಟಿ. ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರು ಬನವಾಸಿ ಅನಾನಸಿನ ಸಿಪ್ಪೆಯನ್ನು ಗಿಡದ ಬುಡದಲ್ಲಿ ಕೊಳೆಯಲು ಇಟ್ಟು ಜೀರುಂಡೆಗಳನ್ನು ಕರೆಯಬಹುದು. ಬರುತ್ತವೆ. ಆದರೆ ಎಳೆಯ ಗಿಡದಲ್ಲಿ ಅವುಗಳನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ.

ಆಮೇಲೆ

ಎಸಳು ಹೇಗಿದ್ದರೂ ಬೀಳುತ್ತದೆ, ಗಾಬರಿ ಬೇಡ. ವಾರದ ಬಳಿಕ ತೊಟ್ಟು ಹಸಿರಾಗಿ ನಿಂತಿದ್ದರೆ ಕಾಯಿ ಕಚ್ಚಿದೆ; ಹಳದಿಯಾದರೆ ಇಲ್ಲ. ಕಚ್ಚಿದ್ದು ಹಲವು ವಾರ ಕಪ್ಪು ಗುಂಡಿಯಂತೆ ಬೆಳೆಯದೆ ಕೂರುವುದುಂಟು. ಸತ್ತಿತೆಂದು ಚಿವುಟಬೇಡಿ. ಮೊದಲ ವರ್ಷ ಎರಡು ಮೂರಕ್ಕಿಂತ ಹೆಚ್ಚು ಕಾಯಿ ಉಳಿಸಿಕೊಳ್ಳಬೇಡಿ. ಬಿಳಿ ಹಿಟ್ಟು ತಿಗಣೆ ಕಂಡರೆ ಸಾಬೂನು ನೀರಿನಿಂದ ತೊಳೆಯಿರಿ, ಅದನ್ನು ಸಾಕುವ ಇರುವೆಯ ದಾರಿಯನ್ನೂ ತಪ್ಪಿಸಿ. ಕಾಯಿ ಮುಷ್ಟಿಯಷ್ಟಾದ ಮೇಲೆ ಹಳೆಯ ಪಂಚೆಯ ಚೀಲ ಹೊಲಿದು ಕಟ್ಟಿದರೆ ಹಣ್ಣುನೊಣ, ಬಾವಲಿಗಳಿಂದ ಉಳಿಯುತ್ತದೆ. ಮಂಗಗಳಿಗೆ ಮದ್ದು ನನ್ನ ಬಳಿ ಇಲ್ಲ.

ಹೂವಿನಿಂದ ಕೊಯ್ಲಿಗೆ ನಾಲ್ಕರಿಂದ ಆರು ತಿಂಗಳು. ಮುಳ್ಳುಗಳು ಒಂದಕ್ಕೊಂದು ದೂರ ಸರಿದು, ಕಡು ಹಸಿರು ಮಾಸಿ ತುಸು ಹಳದಿ ಛಾಯೆ ಬಂದಾಗ, ಇನ್ನೂ ಗಟ್ಟಿಯಿರುವಂತೆಯೇ ಕೊಯ್ದು ಅಟ್ಟದ ಮೇಲಿಡಿ. ಮೂರ್ನಾಲ್ಕು ದಿನಕ್ಕೆ ಬೆರಳಿಗೆ ಮೆತ್ತಗಾಗುತ್ತದೆ. ತಿರುಳನ್ನು ಹಾಲು, ಸಕ್ಕರೆಯ ಜೊತೆ ಕುಡಿಯಬಹುದು. ಆದರೆ ಬೀಜ ವಿಷಕಾರಿ, ಮಿಕ್ಸಿಗೆ ಹಾಕುವ ಮೊದಲು ಒಂದೊಂದನ್ನೂ ಕೈಯಿಂದ ಆರಿಸಿ ತೆಗೆಯಿರಿ. ಇದರ ಎಲೆ ಕುದಿಸಿ ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. ಅದಕ್ಕೆ ಆಧಾರವಿಲ್ಲ, ಎಲೆಗಳನ್ನು ಗಿಡದಲ್ಲೇ ಬಿಡಿ. ಮುಂದಿನ ಹೂವಿಗೆ ಅವು ಬೇಕು.